ಪುರಾತನರ ಜೂಜು, ಕಲ್ಯಾಣದ ಕವಡೆ

ಅರವತ್ತುಮೂವರು ಪುರಾತನರ ಚರಿತ್ರೆಗಳನ್ನು ಶ್ರದ್ಧೆಯಿಂದ ಓದುತ್ತ ಬಂದವರು ಒಂದು ಹೆಸರಿನ ಬಳಿಗೆ ಬಂದಾಗ ಅರೆಗಳಿಗೆ ತಡೆದು ನಿಲ್ಲುತ್ತಾರೆ. ಬೇಟೆಯಾಡಿ ಬದುಕಿದ ಕಣ್ಣಪ್ಪ, ಮಡಕೆ ಮಾಡಿದ ತಿರುನೀಲಕಂಠ, ಬಟ್ಟೆ ಒಗೆದ ತಿರುಕ್ಕುರಿಪ್ಪು ತೊಂಡರು, ಬಲೆ ಬೀಸಿದ ಅತಿಪತ್ತ, ಮಗ್ಗದ ಮುಂದೆ ಕುಳಿತ ನೇಶ, ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ವೃತ್ತಿಯನ್ನೇ ಶಿವಪೂಜೆಯಾಗಿ ಮಾಡಿಕೊಂಡ ಮಹನೀಯರ ಸಾಲಿನಲ್ಲಿ, ಜೂಜನ್ನೇ ವೃತ್ತಿಯನ್ನಾಗಿ ಮಾಡಿಕೊಂಡವರೊಬ್ಬರು ಇದ್ದಾರೆ. ಅವರೇ ಮೂರ್ಖ ನಾಯನಾರರು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಪ್ರಾಕಾರದಲ್ಲಿ ಪುರಾತನರ ಶಿಲಾಮೂರ್ತಿಗಳ ಮುಂದೆ ಕೈಮುಗಿಯುತ್ತ ಸಾಗುವ ಭಕ್ತರು ಇವರಿಗೂ ಕೈಮುಗಿದೇ ಮುಂದೆ ಹೋಗುತ್ತಾರೆ. ಜೂಜುಗಾರನೊಬ್ಬನು ಪುರಾತನರ ಸಾಲಿಗೆ ಸೇರಿದುದು ಹೇಗೆ? ಶರಣಧರ್ಮದ ಅಳತೆಗೋಲಿನಿಂದ ಅಳೆದರೆ ಆ ಸಂಪಾದನೆ ಏನಾಗುತ್ತದೆ? ಜೂಜು ಬೇರೆ, ಆಟ ಬೇರೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವಲ್ಲ, ಆ ಬೇರೆತನ ಎಲ್ಲಿದೆ? ಈ ಪ್ರಶ್ನೆಗಳನ್ನು ಆಟದ ಒಳಗಿನಿಂದಲೇ, ಅಂದರೆ ಆಡುವ ಜಾಣ್ಮೆಯ ಕಡೆಯಿಂದ ನೋಡುವ ಪ್ರಯತ್ನ ಈ ಲೇಖನದ್ದು.

ಮೊದಲು ಕಥೆಯನ್ನು ನೋಡೋಣ. ಪುರಾತನರ ನಾಮಾವಳಿಯನ್ನು ಮೊದಲು ಹಾಡಿದವರು ಸುಂದರಮೂರ್ತಿ ನಾಯನಾರರು; ನಮ್ಮ ಹರಿಹರ ಕವಿಯ ರಗಳೆಯಲ್ಲಿ ನಂಬಿಯಣ್ಣನೆಂಬ ಹೆಸರಿನಿಂದ ಬರುವವರು ಇವರೇ. ಅವರ ‘ತಿರುತ್ತೊಂಡತ್ತೊಗೈ’ಯಲ್ಲಿ ಮೂರ್ಖರ ಹೆಸರು ಮಾತ್ರ ಇದೆ. ಕಥೆ ವಿಸ್ತಾರವಾಗಿ ದೊರೆಯುವುದು 12ನೆಯ ಶತಮಾನದಲ್ಲಿ ಸೇಕ್ಕಿಳಾರರು ರಚಿಸಿದ ‘ಪೆರಿಯ ಪುರಾಣ’ದಲ್ಲಿ. ತೊಂಡೈನಾಡಿನ ತಿರುವೇರ್ಕಾಡು ಮೂರ್ಖರ ಊರು. ಅದು ಇಂದಿನ ಚೆನ್ನೈ ನಗರದ ಪಶ್ಚಿಮದ ಅಂಚಿನಲ್ಲಿದೆ. ಒಕ್ಕಲುತನದ ವೆಳ್ಳಾಳ ಕುಲದವರು. ಶಿವಭಕ್ತರಿಗೆ ಉಣಬಡಿಸಿದ ಅನಂತರವೇ ತಾವು ಉಣ್ಣುವುದು ಅವರ ನೇಮ. ಭಕ್ತರು ಬರಬರುತ್ತ ಹೆಚ್ಚಿದರು, ಹೊಲಮನೆಗಳು ಮಾರಿಹೋದವು. ನೇಮವನ್ನು ಬಿಡಲು ಮನಸ್ಸು ಬಾರದೆ, ಹಿಂದೆ ತಾವು ಕಲಿತಿದ್ದ ಜೂಜಿನ ವಿದ್ಯೆಯನ್ನೇ ಅವರು ಆಶ್ರಯಿಸಿದರು. ತಮ್ಮ ಊರಿನಲ್ಲಿ ಎದುರಾಳಿಗಳು ಸಿಕ್ಕದಂತಾದಾಗ ಊರೂರು ಅಲೆದು, ಶಿವಕ್ಷೇತ್ರಗಳನ್ನು ಸಂದರ್ಶಿಸುತ್ತ ಕುಂಭಕೋಣಕ್ಕೆ ಬಂದು ನೆಲೆನಿಂತರು.

ಇಲ್ಲಿ ಸೇಕ್ಕಿಳಾರರು ಕೊಡುವ ಒಂದು ವಿವರ ಬಹು ಮುಖ್ಯವಾದುದು. ನಾಯನಾರರು ಮೊದಲ ಆಟವನ್ನು ಸೋಲುತ್ತಿದ್ದರು. ಎದುರಾಳಿ ಮೊದಲ ಪಣವನ್ನು ಗೆದ್ದುಕೊಳ್ಳುತ್ತಿದ್ದನು. ಆಮೇಲಿನ ಆಟಗಳನ್ನು ಒಂದಾದ ಮೇಲೊಂದರಂತೆ ನಾಯನಾರರು ಗೆಲ್ಲುತ್ತಿದ್ದರು. ಸೋತವನು ಪಣವನ್ನು ಕೊಡಲೊಪ್ಪದಿದ್ದರೆ ಸುರಗಿಯಿಂದ ಇರಿಯುತ್ತಿದ್ದರು. ‘ಮೂರ್ಖ’ ಎಂಬ ಹೆಸರು ಬಂದುದು ಈ ಉಗ್ರತೆಯಿಂದ. ದಡ್ಡನೆಂಬ ಅರ್ಥ ಇಲ್ಲಿಗೆ ಹೊಂದುವುದಿಲ್ಲ. ‘ಒಳ್ಳೆಯ ಜೂಜುಗಾರ’ ಎಂಬರ್ಥದ ಇನ್ನೊಂದು ಹೆಸರೂ ಅವರಿಗಿತ್ತು. ಗೆದ್ದ ಹಣವನ್ನು ಅವರು ತಮ್ಮ ಕೈಯಿಂದ ಮುಟ್ಟುತ್ತಿರಲಿಲ್ಲವೆಂದೂ, ಅಡಿಗೆ ಮಾಡುವವರೇ ಅದನ್ನು ತೆಗೆದುಕೊಳ್ಳುತ್ತಿದ್ದರೆಂದೂ, ಭಕ್ತರೆಲ್ಲರೂ ಉಂಡ ಮೇಲೆ ಕಡೆಯ ಪಂಕ್ತಿಯಲ್ಲಿ ತಾವು ಕುಳಿತು ಉಣ್ಣುತ್ತಿದ್ದರೆಂದೂ ಪುರಾಣಕಾರರು ಹೇಳುತ್ತಾರೆ. ಕೈ ಮುಟ್ಟದ ಈ ಹಣದ ಮಾತಿಗೆ ಮುಂದೆ ಮತ್ತೆ ಬರಬೇಕಾಗಿದೆ.

ಮೊದಲ ಸೋಲನ್ನು ಪರಿಶೀಲಿಸೋಣ. ಇದು ಆಟದ ತಂತ್ರವೇ? ದಾಳ ಹೇಗೆ ಬೀಳುತ್ತದೆ, ಕಾಯಿ ಎಲ್ಲಿ ನಿಂತಿದೆ ಎಂಬುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಎದುರಿಗೆ ಕುಳಿತವನ ಆಸೆಯ ಮೇಲೆ ಇದು ಕೆಲಸ ಮಾಡುತ್ತದೆ. ಗೆದ್ದವನಿಗೆ ತನ್ನ ಕೈಯ ಮೇಲೆ ನಂಬಿಕೆ ಬರುತ್ತದೆ; ನಂಬಿಕೆಯಿಂದ ಪಣ ಏರುತ್ತದೆ; ಏರಿದ ಪಣವನ್ನು ಜಾಣನು ಎತ್ತಿಕೊಳ್ಳುತ್ತಾನೆ. ಇಂದಿಗೂ ಜಾತ್ರೆಗಳಲ್ಲಿ ಮೂರೆಲೆ ಇಸ್ಪೀಟಿನವನು ಹಳ್ಳಿಯ ಹುಡುಗನಿಗೆ ಮೊದಲು ಒಂದು ರೂಪಾಯಿ ಗೆಲ್ಲಿಸಿ ಕೊಡುವುದು ಇದೇ ಲೆಕ್ಕದಿಂದ. ಪಣವಿಲ್ಲದ ಆಟದಲ್ಲಿ ಈ ಉಪಾಯಕ್ಕೆ ಅರ್ಥವೇ ಇಲ್ಲ. ಅಲ್ಲಿ ಮೊದಲ ಸೋಲು ಸೋಲಾಗಿಯೇ ಉಳಿಯುತ್ತದೆ. ಜೂಜಿನ ಜಾಣ್ಮೆಗೂ ಆಟದ ಜಾಣ್ಮೆಗೂ ಇರುವ ಗೆರೆ ಇದೇ ಎಂದು ನನಗೆ ತೋರುತ್ತದೆ. ಒಂದು ಎದುರಾಳಿಯ ಮನಸ್ಸಿನ ಮೇಲೆ ಕಣ್ಣಿಟ್ಟಿರುತ್ತದೆ, ಇನ್ನೊಂದು ಹಾಸಿನ ಮೇಲೆ.

ನಮ್ಮ ದೇಶದ ಅತಿ ಪ್ರಾಚೀನ ದ್ಯೂತದಲ್ಲಿ ಈ ಎರಡು ಜಾಣ್ಮೆಗಳೂ ಬೆರೆತೇ ಇದ್ದವು. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಜೂಜುಗಾರನೊಬ್ಬನು ಹೆಂಡತಿ, ಅತ್ತೆ, ಬಂಧುಗಳಿಂದ ತಿರಸ್ಕೃತನಾಗಿ ಪರಿತಪಿಸುತ್ತಾನೆ. ಅಲ್ಲಿ ಹೇಳಿರುವ ಅಕ್ಷಗಳು ವಿಭೀತಕದ, ಅಂದರೆ ನಮ್ಮ ತಾರೆಮರದ ಕಾಯಿಗಳು. ರಾಶಿಯಿಂದ ಒಂದು ಹಿಡಿ ಕಾಯಿಗಳನ್ನು ಎತ್ತಿ ನಾಲ್ಕು ನಾಲ್ಕಾಗಿ ಎಣಿಸಿದಾಗ ಶೇಷವುಳಿಯದಿದ್ದರೆ ಕೃತ, ಒಂದುಳಿದರೆ ಕಲಿ ಎಂಬಂತೆ ಸೋಲುಗೆಲುವು ನಿರ್ಣಯವಾಗುತ್ತಿತ್ತೆಂದು ವಿದ್ವಾಂಸರು ವಿವರಿಸುತ್ತಾರೆ. ಹಾಗಿದ್ದರೆ ಕಣ್ಣಳತೆಯಿಂದಲೇ ಥಟ್ಟನೆ ಎಣಿಸಬಲ್ಲವನೇ ಗೆಲ್ಲುವವನು. ಮಹಾಭಾರತದ ನಳೋಪಾಖ್ಯಾನ ಈ ವಿವರಣೆಗೆ ಬೆಂಬಲ ಕೊಡುತ್ತದೆ. ಓಡುವ ರಥದಲ್ಲಿ ಕುಳಿತ ಋತುಪರ್ಣನು ತಾರೆಯ ಮರವೊಂದರ ಎಲೆಕಾಯಿಗಳ ಸಂಖ್ಯೆಯನ್ನು ಹೇಳುತ್ತಾನೆ. ನಳನು ಇಳಿದು ಎಣಿಸಿ ನೋಡಿ ಬೆರಗಾಗಿ, ತನ್ನ ಅಶ್ವಹೃದಯವನ್ನು ಕೊಟ್ಟು ಆತನಿಂದ ಅಕ್ಷಹೃದಯವನ್ನು ಪಡೆಯುತ್ತಾನೆ. ಕನಕದಾಸರ ‘ನಳಚರಿತ್ರೆ’ಯನ್ನು ಓದಿದ ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಅಕ್ಷಹೃದಯವೆಂದರೆ ಮಂತ್ರವೆಂದು ಭಾವಿಸಿದವರೇ ಹೆಚ್ಚು. ಅದು ಎಣಿಕೆಯ ವಿದ್ಯೆಯೆಂದು ತಿಳಿದರೆ ಮರದ ಎಲೆಗಳ ಪ್ರಸಂಗ ಅಲ್ಲಿ ಏಕಿದೆಯೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಇನ್ನು ಅಕ್ಷಸೂಕ್ತವು ಜೂಜುಗಾರನಿಗೆ ಕೊನೆಯಲ್ಲಿ ಕೊಡುವ ಉಪದೇಶ ಹೊಲವನ್ನು ಉಳು ಎಂಬುದು. ಕಾಯಕತತ್ತ್ವವನ್ನು ಓದಿ ಬೆಳೆದ ನಮಗೆ ಈ ಮಾತು ಎಷ್ಟು ಪರಿಚಿತವಾಗಿ ಕೇಳಿಸುತ್ತದೆ!

ರಾಜರು ಮಾತ್ರ ಉಳುವಂತೆ ಹೇಳಿ ಸುಮ್ಮನಾಗಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಕ್ಕೆ ಒಬ್ಬ ಅಧ್ಯಕ್ಷನಿದ್ದಾನೆ. ಜೂಜು ಒಂದೇ ನಿಯತ ಸ್ಥಳದಲ್ಲಿ ನಡೆಯಬೇಕು, ಬೇರೆ ಕಡೆ ಆಡಿದವನಿಗೆ 12 ಪಣ ದಂಡ. ಗೆದ್ದ ಹಣದಲ್ಲಿ ನೂರಕ್ಕೆ 5ರಷ್ಟು ಅಧ್ಯಕ್ಷನ ಪಾಲು. ದಾಳ ಕವಡೆಗಳಿಗೆ ಬಾಡಿಗೆ ಬೇರೆ. ಜೂಜನ್ನು ಖಂಡಿಸುತ್ತಲೇ ಅದರಿಂದ ಬೊಕ್ಕಸ ತುಂಬಿಸಿಕೊಳ್ಳುವ ಪದ್ಧತಿ ಇಂದಿನ ಸರಕಾರಗಳ ಲಾಟರಿಯಿಂದ ಆರಂಭವಾದುದಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಕನ್ನಡ ಸಾಹಿತ್ಯದಲ್ಲಿ ‘ನೆತ್ತ’ ಎಂಬ ಮಾತು ಆದಿಕವಿಯಿಂದಲೇ ಇದೆ. ಪಂಪನ ‘ವಿಕ್ರಮಾರ್ಜುನವಿಜಯ’ದಲ್ಲಿ ಧರ್ಮರಾಯನ ದ್ಯೂತಕ್ಕಿಂತಲೂ ವಿದ್ಯಾರ್ಥಿಗಳ ನೆನಪಿನಲ್ಲಿ ಉಳಿದಿರುವುದು ಭಾನುಮತಿಯ ನೆತ್ತದ ಪ್ರಸಂಗ. ಆಕೆ ಆಡಿದುದು ಕರ್ಣನೊಡನೆಯೋ ದುರ್ಯೋಧನನೊಡನೆಯೋ ಎಂಬ ಬಗ್ಗೆ ಪಂಡಿತರಲ್ಲಿ ವಾದ ನಡೆದುಹೋಗಿದೆ. ನಮ್ಮ ಪ್ರಕೃತ ವಿಷಯಕ್ಕೆ ಬೇಕಾದುದು ಇಷ್ಟೇ: ಒಂದೇ ನೆತ್ತ ಒಂದು ಕಡೆ ರಾಜ್ಯವನ್ನು ಕಳೆಯುತ್ತದೆ, ಇನ್ನೊಂದು ಕಡೆ ಅಂತಃಪುರದ ಸಲುಗೆಯ ಆಟವಾಗಿ ಗೆಳೆತನದ ಆಳವನ್ನು ತೋರಿಸುತ್ತದೆ. ಎಲ್ಲೋರದ 21 ಮತ್ತು 29ನೆಯ ಗುಹೆಗಳ ಭಿತ್ತಿಗಳಲ್ಲಿ ಶಿವಪಾರ್ವತಿಯರೇ ಪಗಡೆಗೆ ಕುಳಿತಿದ್ದಾರೆ. ಬಲಿಪಾಡ್ಯಮಿಯಂದು ಆಡುವ ವಾಡಿಕೆಗೆ ಪುರಾಣಗಳು ಆ ದಿವ್ಯ ದಂಪತಿಗಳ ಆಟವನ್ನೇ ಕಾರಣವಾಗಿ ಹೇಳುತ್ತವೆ.

ಈಗ ಕಲ್ಯಾಣಕ್ಕೆ ಬರೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ಆತನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಾಗವಾಗಿದೆ. ಐದನೆಯದು ಕ್ರೀಡಾವಿಂಶತಿ. ಅದರಲ್ಲಿ ಚತುರಂಗ ಕ್ರೀಡೆ, ಪಾಶಕ ಕ್ರೀಡೆ ಎಂಬ ದಾಳದಾಟ, ವರಾಟಿಕಾ ಕ್ರೀಡೆ ಎಂಬ ಕವಡೆಯಾಟ, ಮೂರಕ್ಕೂ ಸ್ಥಾನವಿದೆ. ಬುದ್ಧಿಯೊಂದನ್ನೇ ನಂಬಿದ ಚತುರಂಗವನ್ನೂ ದೈವವನ್ನು ಬೆರೆಸಿಕೊಂಡ ದಾಳ-ಕವಡೆಗಳನ್ನೂ ಅರಸನು ಒಂದೇ ಸಾಲಿನಲ್ಲಿ ಕೂರಿಸಿದ್ದಾನೆ. ಅರಸನಿಗೆ ಎಲ್ಲವೂ ವಿನೋದ.

ಈ ಗ್ರಂಥ ಹುಟ್ಟಿ ಮೂರು ದಶಕ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ ಬಸವಣ್ಣನವರು ಇದ್ದರು. ಅಲ್ಲಿ ತಮಿಳುನಾಡಿನಲ್ಲಿ ಸೇಕ್ಕಿಳಾರರು ಪುರಾಣವನ್ನು ರಚಿಸಿದುದು ಎರಡನೆಯ ಕುಲೋತ್ತುಂಗ ಚೋಳನ ಕಾಲದಲ್ಲಿ, ಎಂದರೆ 1133ರಿಂದ 1150ರ ನಡುವಿನಲ್ಲಿ. ಅರಸನ ಕ್ರೀಡಾಗ್ರಂಥ, ಜೂಜುಗಾರ ಭಕ್ತನ ಚರಿತ್ರೆ, ಕಾಯಕ ದಾಸೋಹಗಳ ಹೊಸ ವಿಚಾರ, ಈ ಮೂರೂ ಒಂದೇ ಶತಮಾನದ ಮಧ್ಯಭಾಗಕ್ಕೆ ಸೇರಿದವು. ಇದು ಕಾಕತಾಳೀಯವಾದರೂ ನಮಗೆ ಬಹಳ ಅನುಕೂಲವಾದ ಕಾಕತಾಳೀಯ.

ಮಾನಸೋಲ್ಲಾಸದ ವರಾಟಿಕಾ ಕ್ರೀಡೆಯೇ ಇಂದಿನ ನಮ್ಮ ಚೌಕಾಬಾರವೆಂದು ನಾನು ಹೇಳುತ್ತಿಲ್ಲ. ಹಾಗೆ ಅವಸರದಿಂದ ಸಮೀಕರಿಸುವುದು ಇತಿಹಾಸಕ್ಕೆ ಒಗ್ಗುವುದಿಲ್ಲ. ಸಾಧನ ಮಾತ್ರ ಅದೇ ಕವಡೆ. ಹಂಪಿಯ ಮಂಟಪಗಳ ನೆಲಗಲ್ಲುಗಳಲ್ಲಿ ಬಗೆಬಗೆಯ ಆಟದ ಹಾಸುಗಳು ಕೊರೆದಿರುವುದನ್ನು ನೋಡಿದವರಿಗೆ ಈ ಆಟಗಳು ಅರಮನೆಯನ್ನು ದಾಟಿ ಜಗಲಿಗೂ ದೇವಾಲಯದ ನೆರಳಿಗೂ ಬಂದು ಎಷ್ಟು ಕಾಲವಾಯಿತೆಂಬುದು ಗೊತ್ತಾಗುತ್ತದೆ. ಹಾಸು ಕಲ್ಲಿನಲ್ಲಿ ಉಳಿದಿದೆ. ಆಡುವ ಜಾಣ್ಮೆ ಅಜ್ಜಿಯರ ಬಾಯಲ್ಲಿತ್ತು; ಅದು ಬರವಣಿಗೆಗೆ ಬಂದುದು ಅತ್ಯಲ್ಪ. ಆದುದರಿಂದ ಚೌಕಾಬಾರದ ಮರ್ಮವನ್ನು ಇಲ್ಲಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು 25 ಮನೆಗಳ ಚೌಕ. ನಾಲ್ಕು ಬದಿಗಳ ನಡುಮನೆಗಳಿಗೂ ಹಾಸಿನ ನಟ್ಟನಡುವಿನ ಮನೆಗೂ ಕತ್ತರಿಗೀಟು ಎಳೆದಿರುತ್ತದೆ. ಬದಿಯ ಈ ನಾಲ್ಕನ್ನು ಅನುಕೂಲಕ್ಕಾಗಿ ಗೀಟುಮನೆಗಳೆನ್ನೋಣ. ಅಲ್ಲಿ ನಿಂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ತನ್ನ ಗೀಟುಮನೆಯಿಂದ ಹೊರಟ ಕಾಯಿ ಹೊರಸುತ್ತಿನ ಮನೆಗಳನ್ನು ಅಪ್ರದಕ್ಷಿಣವಾಗಿ ಸುತ್ತಿ, ಒಳಸುತ್ತಿನ ಎಂಟು ಮನೆಗಳನ್ನು ಪ್ರದಕ್ಷಿಣವಾಗಿ ಬಳಸಿ, 24ನೆಯ ಹೆಜ್ಜೆಗೆ ನಡುಮನೆಯನ್ನು ಸೇರುತ್ತದೆ. ಸೇರಿದ ಕಾಯಿ ಹಣ್ಣಾಯಿತು ಎನ್ನುತ್ತಾರೆ. ಕಾಯಿ ಹಣ್ಣಾಗುವ ಈ ಮಾತಿನ ಸೊಗಸನ್ನು ವಚನಗಳನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು.

ಗರ ಹಾಕಲು ನಾಲ್ಕು ಕವಡೆ. ಕವಡೆ ಸಿಕ್ಕದಿದ್ದರೆ ಒಂದು ಬದಿ ತೇಯ್ದ ಹುಣಿಸೆಬೀಜ. ಅಂಗಾತ ಬಿದ್ದ ಕವಡೆಗಳೆಷ್ಟೋ ಅಷ್ಟು ಹೆಜ್ಜೆ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಈ ಎರಡಕ್ಕೂ ಮತ್ತೊಂದು ಗರದ ಹಕ್ಕುಂಟು. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮವೆಂದು ಹಿಡಿದರೆ, 16 ಸಾಧ್ಯತೆಗಳಲ್ಲಿ ಎರಡು ಬೀಳುವುದು 6 ಸಲ, ಒಂದು 4 ಸಲ, ಮೂರು 4 ಸಲ, ಚೌಕ ಒಂದು ಸಲ, ಬಾರ ಒಂದು ಸಲ. ಕವಡೆಯ ಬೆನ್ನಿಗೂ ಬಾಯಿಗೂ ತೂಕ ಸಮವಲ್ಲದ ಕಾರಣ ನಿಜವಾದ ಎಣಿಕೆ ಸ್ವಲ್ಪ ಆಚೀಚೆಯಾಗುತ್ತದೆ. ತನ್ನ ಕವಡೆಗಳ ಸ್ವಭಾವವನ್ನು ನೂರು ಸಲ ಎಸೆದು ತಿಳಿದುಕೊಳ್ಳುವುದು ಆಟಗಾರನ ಮೊದಲ ಪಾಠ. ಗಣಿತದ ಪಾಠ ಹೇಳುತ್ತಿದ್ದ ದಿನಗಳಲ್ಲಿ ಹುಡುಗರ ಕೈಯಲ್ಲಿ ನಾನು ಇದನ್ನು ಮಾಡಿಸುತ್ತಿದ್ದೆ. ಲೆಕ್ಕವೆಂದರೆ ಓಡುವ ಹುಡುಗರೂ ಈ ಲೆಕ್ಕಕ್ಕೆ ಓಡಿಹೋಗುತ್ತಿರಲಿಲ್ಲ.

ಈ ಸಣ್ಣ ಎಣಿಕೆಯಿಂದ ಹೊರಡುವ ವಿವೇಕ ಸಣ್ಣದಲ್ಲ. ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಂತರೆ ಅಪಾಯ 16ಕ್ಕೆ 6. ಒಂದು ಅಥವಾ ಮೂರು ಮನೆ ಮುಂದೆ ನಿಂತರೆ 16ಕ್ಕೆ 4. ನಾಲ್ಕು ಮನೆ ಮುಂದಾದರೆ 16ಕ್ಕೆ ಒಂದು ಮಾತ್ರ. ಐದು ಮನೆ ಮುಂದಿರುವವನನ್ನು ಹೊಡೆಯಲು ಚೌಕ ಬಿದ್ದು ಮೇಲೆ ಒಂದು ಬೀಳಬೇಕು. ಅದು 64ಕ್ಕೆ ಒಂದು. ಮಕ್ಕಳು ಎದುರಾಳಿಯಿಂದ ಒಂದು ಮನೆ ದೂರದಲ್ಲಿದ್ದಾಗ ಹೆದರುತ್ತಾರೆ, ಎರಡು ಮನೆ ದೂರದಲ್ಲಿದ್ದಾಗ ನಿಶ್ಚಿಂತರಾಗುತ್ತಾರೆ. ಆಗಬೇಕಾದುದು ಇದಕ್ಕೆ ವಿರುದ್ಧ.

ಮೂಲೆಮನೆಗಳನ್ನು ನೋಡಿ. ಗೀಟುಮನೆಯಿಂದ ಗೀಟುಮನೆಗೆ ನಾಲ್ಕು ಹೆಜ್ಜೆ. ಮೂಲೆ ಸರಿಯಾಗಿ ನಡುವೆ, ಎರಡನೆಯ ಹೆಜ್ಜೆಯಲ್ಲಿದೆ. ಮೂಲೆಯೆಂದರೆ ಮರೆಯ ಸ್ಥಳವೆಂದು ತೋರುತ್ತದೆ. ಹಿಂದಿನ ಗೀಟುಮನೆಯಲ್ಲಿ ಎದುರಾಳಿಯ ಕಾಯಿ ಕಾದಿದ್ದರೆ ಹಾಸಿನಲ್ಲಿ ಅದಕ್ಕಿಂತ ಕೆಟ್ಟ ಸ್ಥಳ ಇನ್ನೊಂದಿಲ್ಲ. ಅದೇ ಎರಡರ ಗರ ಅಲ್ಲಿಂದ ಮುಂದಿನ ಗೀಟುಮನೆಗೆ ನಿಮ್ಮನ್ನು ದಾಟಿಸಲೂ ಬಲ್ಲದು, ನಿಜ. ಆದರೆ ಎದುರಾಳಿಯ ಸರದಿ ಮೊದಲು ಬರುತ್ತದೆ. ಹಿಂದಿನ ಗೀಟುಮನೆ ಬರಿದಾಗಿದ್ದಾಗ ಮೂಲೆಯಲ್ಲಿ ನಿಲ್ಲಿ, ತುಂಬಿದ್ದಾಗ ಒಂದನೆಯ ಅಥವಾ ಮೂರನೆಯ ಮನೆಯಲ್ಲಿ ನಿಲ್ಲಿ ಎಂದು ಹೇಳಬಹುದು.

ಇನ್ನೊಂದು ಸೂಕ್ಷ್ಮವಿದೆ. ಎದುರಾಳಿಯ ಎರಡು ಕಾಯಿಗಳು ನಿಮ್ಮ ಹಿಂದೆ ಒಂದೇ ಮನೆಯಲ್ಲಿದ್ದರೆ ಅಪಾಯ ಇಮ್ಮಡಿಯಾಗುವುದಿಲ್ಲ; ಎರಡಕ್ಕೂ ಬೇಕಾದ ಗರ ಒಂದೇ. ಅವೇ ಎರಡು ಕಾಯಿಗಳು ಒಂದು ಮನೆ ಹಿಂದೆ ಒಂದು, ಎರಡು ಮನೆ ಹಿಂದೆ ಒಂದು ನಿಂತರೆ ಅಪಾಯ 16ಕ್ಕೆ 10ಕ್ಕೆ ಏರುತ್ತದೆ. ಮೂರನೆಯದೊಂದು ಮೂರು ಮನೆ ಹಿಂದೆ ನಿಂತರೆ 16ಕ್ಕೆ 14. ಬೇಟೆಗೆ ಹೊರಟವನು ತನ್ನ ಕಾಯಿಗಳನ್ನು ಗುಂಪುಗಟ್ಟದೆ ಹೆಜ್ಜೆಹೆಜ್ಜೆಯ ಅಂತರದಲ್ಲಿ ಹರಡಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ. ಒಂದೇ ಕಾಯಿಯನ್ನು ಓಡಿಸುವವನು ಎರಡು ವಿಧದಲ್ಲಿ ಕೆಡುತ್ತಾನೆ: ಬೇಟೆಯೂ ಸಿಗದು, ಕೊನೆಯಲ್ಲಿ ನಡುಮನೆಗೆ ಸರಿಯಾದ ಗರ ಬೀಳುವವರೆಗೆ ಸರದಿಗಳೂ ವ್ಯರ್ಥವಾಗುತ್ತವೆ. ಎರಡು ಮೂರು ಕಾಯಿಗಳು ಬೇರೆ ಬೇರೆ ಗರವನ್ನು ಬೇಡುವಂತೆ ನಿಂತಿದ್ದರೆ ಬಿದ್ದ ಗರ ಯಾವುದಾದರೂ ಕೆಲಸಕ್ಕೆ ಬರುತ್ತದೆ.

ಯಾವ ಕಾಯಿಯನ್ನು ಅಪಾಯಕ್ಕೆ ಒಡ್ಡಬೇಕು? ಮರುಗರಗಳನ್ನೂ ಸೇರಿಸಿದರೆ ಒಂದು ಸರದಿಗೆ ಸರಾಸರಿ ಮೂರು ಹೆಜ್ಜೆಗೆ ಸ್ವಲ್ಪ ಕಡಮೆ ನಡೆ ದೊರೆಯುತ್ತದೆ. ಎರಡು ಹೆಜ್ಜೆ ನಡೆದ ಕಾಯಿ ಸತ್ತರೆ ಒಂದು ಸರದಿಯೂ ಪೂರ್ತಿ ನಷ್ಟವಾಗಲಿಲ್ಲ. 14 ಹೆಜ್ಜೆ ನಡೆದು ಒಳಸುತ್ತಿನ ಬಾಗಿಲಿಗೆ ಬಂದ ಕಾಯಿ ಸತ್ತರೆ ಸುಮಾರು ಐದು ಸರದಿಗಳು ಹೋದಂತೆ. ಆದುದರಿಂದ ಹೊಸ ಕಾಯಿಗಳಿಂದ ಬೇಟೆಯಾಡಿ, ಹಳೆಯ ಕಾಯಿಗಳನ್ನು ಗೀಟುಮನೆಯಲ್ಲಿ ಕಾಯಿಸಿ ನಡೆಸುವುದು ಕ್ರಮ. ಆದರೆ ಕಾಯುತ್ತಲೇ ಕುಳಿತರೂ ಆಗದು. ಯಾರನ್ನೂ ಹೊಡೆಯದೆ ಒಳಗೆ ಹೋಗುವಂತಿಲ್ಲವೆಂಬ ನಿಯಮ ಹೇಡಿಯಾದ ಆಟಗಾರನನ್ನು ಹೊರಸುತ್ತಿನಲ್ಲೇ ನಿಲ್ಲಿಸಿಬಿಡುತ್ತದೆ. ಈ ಒಂದು ನಿಯಮವನ್ನು ತೆಗೆದುಹಾಕಿದರೆ ಚೌಕಾಬಾರ ಬರಿಯ ಓಟವಾಗುತ್ತದೆ. ಮೊದಲ ಬೇಟೆ ಆಗುವವರೆಗೆ ಧೈರ್ಯ, ಆದ ಮೇಲೆ ಎಚ್ಚರಿಕೆ. ನಾನು ಕಂಡ ಒಳ್ಳೆಯ ಆಟಗಾರ್ತಿಯರ ರೀತಿ ಇದೇ. ಆಟಗಾರ್ತಿಯರು ಎಂದು ತಿಳಿದೇ ಬರೆದಿದ್ದೇನೆ. ಗಂಡಸರು ಪಣವಿಟ್ಟು ಇಸ್ಪೀಟಾಡುತ್ತಿದ್ದ ಮನೆಗಳಲ್ಲೇ ಹೆಂಗಸರು ಮಧ್ಯಾಹ್ನದ ಹೊತ್ತಿನಲ್ಲಿ ಪಣವಿಲ್ಲದೆ ಈ ಲೆಕ್ಕಗಳನ್ನೆಲ್ಲ ಮನಸ್ಸಿನಲ್ಲೇ ಮಾಡುತ್ತಿದ್ದರು.

ದಾಳವೇ ಇಲ್ಲದ ಹುಲಿಕುರಿಯ ಆಟಕ್ಕೆ ಬಂದರೆ ದೈವದ ಮಾತೇ ಇಲ್ಲ. ಮೂರು ಹುಲಿ, ಹದಿನೈದು ಕುರಿಗಳ ಹಾಸಿನಲ್ಲಿ ಹುಲಿ ಕುರಿಯನ್ನು ಹಾರಿ ಕೊಲ್ಲಬೇಕಾದರೆ ಕುರಿಯ ಬೆನ್ನ ಹಿಂದೆ ಖಾಲಿ ಸ್ಥಳವಿರಬೇಕು. ಆದುದರಿಂದ ಕುರಿಯವನು ಅಂಚುಗಳಿಂದ ಆರಂಭಿಸಿ, ಒಂದು ಕುರಿಯ ಬೆನ್ನಿಗೆ ಇನ್ನೊಂದು ಕುರಿ ಬರುವಂತೆ ತುಂಬುತ್ತ ಬರಬೇಕು. ಇಬ್ಬರೂ ತಪ್ಪದೆ ಆಡಿದರೆ ಹುಲಿಗೆ ಉಸಿರಾಡಲು ಸ್ಥಳ ಸಿಗುವುದು ಕಷ್ಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಬುದ್ಧಿಯ ಆಟಗಳಲ್ಲಿ ಬಹಳ ಆಸಕ್ತರಾಗಿದ್ದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಮುಗಿಸುವ ಬಂಧಗಳನ್ನು ಅವರು ರಚಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಆಟಗಳನ್ನು ದೇವತಾಮೂರ್ತಿಗಳ ಲಕ್ಷಣಸಹಿತ ವಿವರಿಸಿದ್ದಾರೆ. 1831ರಲ್ಲಿ ಆಳ್ವಿಕೆಯನ್ನು ಇಂಗ್ಲಿಷರು ಕಿತ್ತುಕೊಂಡ ಮೇಲೆ ಅರಸರಿಗೆ ಉಳಿದ ಸಾಮ್ರಾಜ್ಯ ಈ 64 ಮನೆಗಳದು ಎಂದು ಯಾರಾದರೂ ವ್ಯಂಗ್ಯವಾಡಬಹುದು. ಆ ಕೆಲಸ ಕಲೆಗೂ ವಿದ್ಯೆಗೂ ಉಪಕಾರ ಮಾಡಿತೆಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಮತ್ತೆ ಮೂರ್ಖ ನಾಯನಾರರ ಕಡೆಗೆ ತಿರುಗೋಣ. ಬಸವಣ್ಣನವರು ಹೇಳಿದ ಅಂತರಂಗ ಬಹಿರಂಗ ಶುದ್ಧಿಯ ಏಳು ನಿಷೇಧಗಳಲ್ಲಿ ಜೂಜಿನ ಹೆಸರಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ಅನುಮತಿ ಇದೆಯೆಂದು ವಾದಿಸುವವರಿದ್ದಾರೆ. ಅವರು ‘ಶೂನ್ಯಸಂಪಾದನೆ’ಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೋಡಬೇಕು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿ ಕದ್ದುದಲ್ಲ, ಯಾರನ್ನೂ ಸೋಲಿಸಿ ತಂದುದಲ್ಲ, ಜಂಗಮದಾಸೋಹಕ್ಕೇ ಮೀಸಲಾದುದು. ಆದರೂ ಬೆವರಿಗೆ ಮೀರಿದ ಒಂದು ಹಿಡಿಯನ್ನು ದಾಸೋಹದ ಹೆಸರಿನಲ್ಲಿ ಸ್ವೀಕರಿಸಲು ಆಕೆ ಸಿದ್ಧಳಿರಲಿಲ್ಲ. ಈ ತಕ್ಕಡಿಯಲ್ಲಿ ಕುಂಭಕೋಣದ ಪಣದ ಹಣ ಹೇಗೆ ತೂಗೀತು? ಸುರಗಿಯ ಇರಿತ ಹಾಗಿರಲಿ. ಮೊದಲ ಆಟವನ್ನು ಬೇಕೆಂದು ಸೋತು ಎದುರಿನವನ ಆಸೆಯನ್ನು ಬೆಳೆಸಿದುದೇ ಲಕ್ಕಮ್ಮನ ಮುಂದೆ ನಿಲ್ಲುವುದಿಲ್ಲ.

ಹಾಗೆಂದು ನಾಯನಾರರನ್ನು ಸಾಲಿನಿಂದ ಹೊರಗಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಪುರಾತನರ ಭಕ್ತಿ ಮುಗ್ಧಭಕ್ತಿ, ವೀರಭಕ್ತಿ. ಅದು ಸಾಧನವನ್ನು ಲೆಕ್ಕಿಸದೆ ಗುರಿಯೊಂದನ್ನೇ ನೋಡಿತು. ಶರಣರು ಆ ಭಕ್ತಿಯನ್ನು ತಲೆಯ ಮೇಲಿಟ್ಟುಕೊಂಡರು, ಸಾಧನದ ಶುದ್ಧಿಯನ್ನು ತಾವು ಸೇರಿಸಿದರು. ತಮಿಳು ಪುರಾಣಕಾರರಿಗೂ ಈ ತೊಡಕು ಕಾಣದೆ ಇರಲಿಲ್ಲವೆಂಬುದಕ್ಕೆ ಅವರು ಕೊಟ್ಟ ಎರಡು ವಿವರಗಳೇ ಸಾಕ್ಷಿ. ಗೆದ್ದ ಹಣ ಒಳ್ಳೆಯದೇ ಆಗಿದ್ದರೆ ಭಕ್ತನ ಕೈ ಅದನ್ನು ಮುಟ್ಟದಿರಲು ಕಾರಣವೇನು? ಅನ್ನದಾನ ಮಾಡುವ ಯಜಮಾನನು ಕಡೆಯ ಪಂಕ್ತಿಯನ್ನು ಆರಿಸಿಕೊಂಡುದು ವಿನಯವೊಂದರಿಂದಲೇ? ನಾಯನಾರರಿಗೆ ತಮ್ಮ ಸಂಪಾದನೆಯ ಕಲೆ ಗೊತ್ತಿತ್ತು, ಅದನ್ನು ತಮ್ಮ ಕೈಗೂ ಬಾಯಿಗೂ ದೂರವಿಡಲು ಅವರು ಹೆಣಗಿದರು ಎಂದೇ ನಾನು ಓದುತ್ತೇನೆ. ಸಂಪ್ರದಾಯಸ್ಥ ವ್ಯಾಖ್ಯಾನಕಾರರು ಇಲ್ಲಿ ನಿರ್ಮೋಹವನ್ನು ಮಾತ್ರ ಕಂಡಿದ್ದಾರೆ. ಅವರೊಡನೆ ಈ ಒಂದು ವಿಷಯದಲ್ಲಿ ನನಗೆ ಸಹಮತವಿಲ್ಲ.

ಮುಗಿಸುವ ಮುನ್ನ ವಾಚಕರಲ್ಲಿ ಒಂದು ವಿಜ್ಞಾಪನೆ. ಚೌಕಾಬಾರದ ನಿಯಮಗಳು ಊರಿಂದೂರಿಗೆ, ಕೆಲವೊಮ್ಮೆ ಬೀದಿಯಿಂದ ಬೀದಿಗೆ ಬೇರೆಯಾಗುತ್ತವೆ. ಮೊದಲ ಕಾಯಿ ಹೊರಡಲು ಯಾವ ಗರ ಬೀಳಬೇಕು, ಒಂದೇ ಮನೆಯಲ್ಲಿ ಎರಡು ಕಾಯಿ ಜೋಡಿಯಾದರೆ ಅವುಗಳನ್ನು ಒಂಟಿ ಕಾಯಿ ಹೊಡೆಯಬಹುದೇ, ಮೇಲಿಂದ ಮೇಲೆ ಮೂರು ಸಲ ಚೌಕವೋ ಬಾರವೋ ಬಿದ್ದರೆ ಆ ಗರ ಲೆಕ್ಕಕ್ಕೆ ಬರುವುದೇ, ಇವುಗಳಲ್ಲಿ ಒಂದೊಂದೂ ಮೇಲೆ ಹೇಳಿದ ಎಣಿಕೆಯನ್ನು ಬದಲಿಸಬಲ್ಲದು. ಮನೆಯಲ್ಲಿ ಆಡಿ ಬಲ್ಲ ಹಿರಿಯರಿದ್ದರೆ ಅವರ ಬಾಯಿಂದಲೇ ಕೇಳಿ, ಊರಿನ ಹೆಸರು ಸಹಿತ ಬರೆದಿಡಬೇಕು. ಹಾಸನ್ನು ಕಾಗದದ ಮೇಲೆ ಎಳೆಯುವಾಗ ಯಾವ ಮನೆಗಳಿಗೆ ಕತ್ತರಿಗೀಟು ಇದೆಯೆಂಬುದನ್ನು ಮರೆಯದೆ ಗುರುತಿಸಬೇಕು.